ಮೇಸ್ತ್ರಿಯ ಕಿವಿ

ಅವರ ಕಿವಿಯ ಮಡಿಕೆಗಳಲ್ಲಿ ಸದಾ ಕೆಂಪು ದೂಳಿರುತ್ತಿತ್ತು. ಬೆಳಿಗ್ಗೆ ತಲೆಯ ಮೇಲಿಂದ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಎಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರೂ ಕಿವಿಯ ಒಳಸುತ್ತಿನ ಆ ಕೆಂಪು ಮಾತ್ರ ಹೋಗುತ್ತಿರಲಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಗಣಿಯ ಮಷಿನ್ನುಗಳನ್ನು ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದವರ ಕಿವಿ ಅದು. ಅದಿರಿನ ದೂಳು ಚರ್ಮದ ಬಣ್ಣವೇ ಆಗಿಬಿಟ್ಟಿತ್ತು. ಕಿವಿಗಳೂ ದೊಡ್ಡವೇ. ಬಲಗಿವಿಯ ಮೇಲೆ ಒಂದು ನೀಲಿ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡಿರುತ್ತಿದ್ದರು, ಬಿಚ್ಚಿದ ನಟ್ಟುಗಳಿಗೆ ಗುರುತು ಹಾಕಲು. ಮೇಸ್ತ್ರಿಗಿಂತ ಮೊದಲು ಮೇಸ್ತ್ರಿಯ ಕಿವಿ ಬರುತ್ತದೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ನಗುತ್ತಿದ್ದೆವೇ ಹೊರತು, ಆ ಕಿವಿ ಮಷಿನ್ನಿನ ಕಡೆ ತಿರುಗಿತೆಂದರೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದೆವು.

ನಾನು ಡೋಜರ್ ಓಡಿಸುವವನು. ಊರು ಕಮಲಾಪುರ. ನಾನು ಓಡಿಸುವ ಡೋಜರ್ ನನಗಿಂತ ಹಿರಿಯದು. ಅದರ ಬಣ್ಣ ಹಳದಿ ಎಂದು ಕಾಗದಪತ್ರದಲ್ಲಿದೆ, ಕಣ್ಣಿಗೆ ಕಾಣುವುದು ಬೇರೆ. ಸೀಟಿನ ಸ್ಪಂಜು ಹೋಗಿ ಗೋಣಿಚೀಲ ಬಂದಿದೆ. ಮೀಟರುಗಳ ಮುಳ್ಳುಗಳು ಒಂದೊಂದು ಒಂದೊಂದು ಕಡೆಗೆ ಮಲಗಿ ಎಷ್ಟೋ ವರ್ಷವಾಯಿತು. ಈಗಿನ ಹೊಸ ಮಷಿನ್ನುಗಳು ತಮ್ಮ ರೋಗವನ್ನು ತಾವೇ ಪರದೆಯ ಮೇಲೆ ಬರೆದು ತೋರಿಸುತ್ತವಂತೆ. ನನ್ನದು ಬರೆಯುವುದಿಲ್ಲ, ಬರೀ ಸದ್ದು ಮಾಡುತ್ತದೆ. ಆ ಸದ್ದನ್ನು ಓದಲು ಕಲಿಸಿದವರು ಮೇಸ್ತ್ರಿ. ಕಲಿಸಬೇಕೆಂದು ಕಲಿಸಿದವರಲ್ಲ. ಅದೊಂದು ಬೇರೆಯೇ ಕತೆ.

ಮೊದಲ ಸಲ ಅವರನ್ನು ನೋಡಿದ್ದು ಗುಡ್ಡದ ಮೇಲೆ, ಮಳೆಗಾಲದಲ್ಲಿ. ಸಂಡೂರಿನ ಗುಡ್ಡಕ್ಕೆ ಮೋಡ ಇಳಿಯಿತೆಂದರೆ ಗಣಿಯ ಮೆಟ್ಟಿಲುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಮೇಲಿನ ಮೆಟ್ಟಿಲಿನಲ್ಲಿ ನಿಂತ ಲಾರಿಗಳ ದೀಪ ಮಾತ್ರ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತಿತ್ತು. ನಾನು ಕೆಲಸಕ್ಕೆ ಸೇರಿ ಇನ್ನೂ ಹೊಸದು. ಡೋಜರ್ ಶುರುವಾಗುತ್ತಿತ್ತು, ಸ್ವಲ್ಪ ಹೊತ್ತು ದುಡಿಯುತ್ತಿತ್ತು, ಆಮೇಲೆ ನಿದ್ದೆ ಬಂದವರ ಹಾಗೆ ತೂಕಡಿಸಿ ನಿಂತುಬಿಡುತ್ತಿತ್ತು. ಕಾಲು ಗಂಟೆ ಬಿಟ್ಟರೆ ಮತ್ತೆ ಶುರು. ಡೀಸೆಲ್ ಪಂಪ್ ಹೋಗಿದೆ, ಇಳಿಸಬೇಕು ಎಂದು ಅಲ್ಲಿದ್ದವರೆಲ್ಲ ತೀರ್ಮಾನಿಸಿಯಾಗಿತ್ತು. ಅಷ್ಟರಲ್ಲಿ ಮೋಡದೊಳಗಿಂದ ಬಿಳಿ ಅಂಗಿಯೊಂದು ನಡೆದು ಬಂತು.

ಬಂದವರು ಮಷಿನ್ ಮುಟ್ಟಲಿಲ್ಲ. ಒಂದು ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದರು. ರೊಟ್ಟಿ, ಪುಂಡಿಪಲ್ಯ. ನನಗೂ ಅರ್ಧ ಮುರಿದು ಕೊಟ್ಟರು. ತಿನ್ನುತ್ತಲೇ ನಿನ್ನೆ ಎಲ್ಲಿ ಕೆಲಸ ಮಾಡಿದೆ, ದೂಳು ಎಷ್ಟಿತ್ತು, ಡೀಸೆಲ್ ಯಾವ ಡ್ರಮ್ಮಿನದು ಎಂದೆಲ್ಲ ಕೇಳಿದರು. ನಾನು ಉತ್ಸಾಹದಿಂದ, ನಿಲ್ಲುವ ಮುಂಚೆ ಅದು ಹೇಗೆ ಸದ್ದು ಮಾಡುತ್ತದೆ ಎಂದು ಹೇಳಹೊರಟೆ. ಅವರು ಎಡಗೈ ಎತ್ತಿದರು.

"ಸದ್ದಿನ ಮಾತು ಆಡಬ್ಯಾಡ. ನಿನ್ನ ಕಿವಿ ತಂದು ನನ್ನ ಕಿವ್ಯಾಗ ಇಡಬ್ಯಾಡ."

ಇದು ಅವರ ಕಟ್ಟಳೆ. ಗುಡ್ಡದಲ್ಲಿ ಎಲ್ಲರಿಗೂ ಗೊತ್ತಿದ್ದದ್ದು, ನನಗೆ ಮಾತ್ರ ಹೊಸತು. ಹಿಂದೆ ಯಾವನೋ ಡ್ರೈವರ್, ಗೇರ್ ಬಾಕ್ಸಿನಲ್ಲಿ ಟಕ್ ಟಕ್ ಬರುತ್ತದೆ ಎಂದು ಹೇಳಿ, ಇವರು ಆ ಮಾತು ನಂಬಿ, ಇಡೀ ಗೇರ್ ಬಾಕ್ಸ್ ಬಿಚ್ಚಿ ಹರವಿದ ಮೇಲೆ ನೋಡಿದರೆ, ಸಡಿಲವಾಗಿದ್ದದ್ದು ರೇಡಿಯೇಟರಿನ ಮುಂದಿನ ಜಾಲರಿಯ ಒಂದು ಬೋಲ್ಟಂತೆ. ಅಂದಿನಿಂದ ಮೇಸ್ತ್ರಿ ಬಂದರೆ ಸದ್ದಿನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಬೇರೆ ಏನನ್ನಾದರೂ ಹೇಳಬಹುದಿತ್ತು. ಸದ್ದು ಮಾತ್ರ ಅವರ ಪಾಲಿನದು.

ಬುತ್ತಿ ಮುಗಿಸಿ ಕೈ ತೊಳೆದು, ಶುರು ಮಾಡು ಎಂದರು. ಕಣ್ಣು ಮುಚ್ಚಿ ನಿಂತರು. ಮಷಿನ್ ಎಂದಿನಂತೆ ದುಡಿದು, ತೂಕಡಿಸಿ, ನಿಂತಿತು. ಅವರು ಹಿಂದಿನ ಡೀಸೆಲ್ ಟ್ಯಾಂಕಿನ ಮೇಲೆ ಹತ್ತಿ ಮುಚ್ಚಳ ತಿರುಗಿಸಿದರು. ಉಸ್ ಎಂದು ಒಂದು ಸಣ್ಣ ಉಸಿರು ಒಳಗೆ ಹೋಯಿತು. ಅಷ್ಟು ಸಣ್ಣ ಸದ್ದು, ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿತೋ ಇಲ್ಲವೋ ಎನ್ನುವ ಹಾಗಿತ್ತು. ಅವರ ಮುಖ ಅರಳಿತು. ಮುಚ್ಚಳದಲ್ಲೊಂದು ಗಾಳಿ ಹೋಗುವ ತೂತಿರುತ್ತದೆ, ಅದಕ್ಕೆ ಅದಿರಿನ ದೂಳು ಮೆತ್ತಿಕೊಂಡಿತ್ತು. ಡೀಸೆಲ್ ಖಾಲಿಯಾದಷ್ಟೂ ಒಳಗೆ ಗಾಳಿ ಹೋಗದೆ ಟ್ಯಾಂಕು ಡೀಸೆಲನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಯಾರದೋ ಅಂಗಿಯ ಪಿನ್ನು ಇಸಿದುಕೊಂಡು ತೂತು ಬಿಡಿಸಿದರು. ಅಷ್ಟೇ. ಪಂಪ್ ಇಳಿಸಲು ತಂದಿದ್ದ ಪಾನಾಗಳನ್ನು ಹಾಗೇ ಚೀಲಕ್ಕೆ ತುಂಬಿದೆವು.

"ಮೊದಲು ಪುಗಸಟ್ಟೆ ತಪ್ಪು ಹುಡುಕು, ಆಮ್ಯಾಲ ತುಟ್ಟಿ ತಪ್ಪು" ಎಂದು ಅವರು ಆಗಾಗ ಹೇಳುತ್ತಿದ್ದರು. ಇನ್ನೊಂದು ಮಾತಿತ್ತು, ಅದು ನಾಜಲ್ ಪರೀಕ್ಷೆಯದು. ನಾಜಲ್ ಎಂದರೆ ಎಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಸಣ್ಣ ಮೂತಿ. ಎಂಜಿನ್ ಎಲ್ಲೋ ಕುಂಟುತ್ತಿದೆ ಎಂದರೆ, ಅದು ಓಡುತ್ತಿರುವಾಗಲೇ ಒಂದೊಂದು ನಾಜಲ್ಲಿಗೆ ಡೀಸೆಲ್ ಹೋಗುವ ಪೈಪಿನ ನಟ್ಟನ್ನು ಸರದಿಯಂತೆ ಸಡಿಲಿಸುವುದು. ಚೆನ್ನಾಗಿರುವ ನಾಜಲ್ಲಿನದನ್ನು ಸಡಿಲಿಸಿದರೆ ಎಂಜಿನ್ ಕೂಡಲೇ ತಡವರಿಸುತ್ತದೆ. ಕೆಟ್ಟದ್ದರ ಸರದಿ ಬಂದಾಗ ಸದ್ದು ಇದ್ದ ಹಾಗೇ ಇರುತ್ತದೆ.

"ತಗದ್ರೂ ಸದ್ದು ಬದಲಾಗಲಿಲ್ಲ ಅಂದ್ರ, ಅದು ಕೆಲಸ ಬಿಟ್ಟು ಭಾಳ ದಿನ ಆಗೈತಿ ಅಂತ ತಿಳಿ" ಎನ್ನುತ್ತಿದ್ದರು. ಹೇಳಿ ನಗುತ್ತಿದ್ದರು. ನಗುವಾಗ ಆ ದೊಡ್ಡ ಕಿವಿಗಳು ಸ್ವಲ್ಪ ಅಲುಗುತ್ತಿದ್ದವು.

ಆಮೇಲೊಂದು ವರ್ಷ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ಗುಡ್ಡ ಒಮ್ಮೆಲೇ ಮೌನವಾಯಿತು. ಡೋಜರ್ ಇದ್ದಲ್ಲೇ ನಿಂತು, ಅದರ ಬ್ಲೇಡಿನ ಮೇಲೆ ಹುಲ್ಲು ಬೆಳೆಯಿತು. ಮೇಸ್ತ್ರಿ ಹೊಸಪೇಟೆಯ ಮನೆಯಲ್ಲಿ ಕುಳಿತರು, ನಾನು ಕಮಲಾಪುರದಲ್ಲಿ ಬಾಳೆಗೊನೆ ಹೊತ್ತೆ. ಕೆಲವು ವರ್ಷಗಳ ಮೇಲೆ ಕಂಪ್ಲಿಯ ರೈಸ್ ಮಿಲ್ಲಿನ ಮಾಲೀಕರೊಬ್ಬರು ಗದ್ದೆ ಸಮ ಮಾಡುವ ಕೆಲಸಕ್ಕೆಂದು ಆ ಡೋಜರನ್ನು ಕೊಂಡರು. ಓಡಿಸಲು ನನಗೆ ಹೇಳಿ ಕಳಿಸಿದರು. ಮೇಸ್ತ್ರಿಯನ್ನು ಯಾರೂ ಕರೆಯಲಿಲ್ಲ, ಅವರೇ ಬಂದರು. ಮಗಳ ಜೊತೆ ಅತ್ತೆಮನೆಗೆ ತವರಿನ ಅಜ್ಜಿಯೊಬ್ಬಳು ಬರುತ್ತಾಳಲ್ಲ, ಹಾಗೆ.

ಅದನ್ನು ಟ್ರೇಲರಿನ ಮೇಲೆ ಸಾಗಿಸಿದ ಬೆಳಗು ಈಗಲೂ ಕಣ್ಣ ಮುಂದಿದೆ. ಟ್ರೇಲರಿನ ಮೇಲೆ ಡೋಜರ್, ಡೋಜರಿನ ಮೇಲೆ ನಾವಿಬ್ಬರು. ಕಮಲಾಪುರ ದಾಟಿದ ಮೇಲೆ ಹೊಳೆಯ ಮಂಜು ರಸ್ತೆಗೇ ಬಂದಿತ್ತು. ಬಾಳೆತೋಟಗಳು ಬಂದವು, ಹೋದವು. ಮಂಜಿನೊಳಗಿಂದ ಹಂಪಿಯ ಕಡೆಯ ಗುಂಡುಕಲ್ಲುಗಳು ಒಂದರ ಮೇಲೊಂದು ಕುಳಿತು ನಮ್ಮನ್ನೇ ನೋಡುತ್ತಿದ್ದವು. ಎತ್ತರದಲ್ಲಿ ಕುಳಿತದ್ದಕ್ಕೋ ಏನೋ, ನಾವು ನಿಂತಿದ್ದೇವೆ, ಕಲ್ಲುಗಳೇ ನಡೆಯುತ್ತಿವೆ ಎನಿಸುತ್ತಿತ್ತು. ಮೇಸ್ತ್ರಿ ಎಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡಿದ್ದರು. ತಣ್ಣಗೆ ಮಲಗಿದ್ದ ಎಂಜಿನ್ ಅದು. ಆದರೂ ಮಗುವಿನ ಬೆನ್ನ ಮೇಲಿಟ್ಟ ಹಾಗೆ ಇಟ್ಟಿದ್ದರು. ದಾರಿಯಲ್ಲಿ ಅವರು ಆಡಿದ್ದು ಒಂದೇ ವಿಷಯ. ಈಗೀಗ ಗುಬ್ಬಿಗಳೇ ಇಲ್ಲವಲ್ಲ ಎಂದರು. ಮೊದಲು ಮನೆಯ ಜಂತಿಯಲ್ಲಿ ಬೆಳಕು ಹರಿಯುವ ಮುಂಚೆ ಎಷ್ಟು ಗದ್ದಲ ಮಾಡುತ್ತಿದ್ದವು, ಈಗ ಒಂದೂ ಕೂಗುವುದಿಲ್ಲ. ನಾನೂ ಹೌದೆಂದೆ. ಊರೆಲ್ಲ ಅದೇ ಮಾತಾಡುತ್ತಿತ್ತು.

ಅವರ ಹೆಂಡತಿಯನ್ನು ನಾನು ಅವ್ವ ಎಂದೇ ಕರೆಯುತ್ತಿದ್ದೆ. ಬಸವಣ್ಣ ಕಾಲುವೆಯ ಹತ್ತಿರದ ಅವರ ಮನೆಗೆ ಹೋದಾಗಲೆಲ್ಲ ಅವ್ವನದು ಒಂದೇ ದೂರು. ಒಲೆಯ ಮೇಲೆ ಕುಕ್ಕರ್ ಇಟ್ಟು, ಮೂರು ಸೀಟಿಗೆ ಇಳಿಸಿ ಎಂದು ಹೇಳಿ ನೀರಿಗೆ ಹೋದರೆ, ಇವರು ಅನ್ನವನ್ನು ಗಂಜಿ ಮಾಡಿಡುತ್ತಾರೆ. ಕೇಳಿದರೆ ಸೀಟಿಯೇ ಆಗಲಿಲ್ಲ ಎನ್ನುತ್ತಾರೆ. ಕುಕ್ಕರಿನ ಸೀಟಿಯನ್ನು ಮೇಸ್ತ್ರಿ ಬಿಚ್ಚಿ, ತೊಳೆದು, ಸೀಮೆಸುಣ್ಣದಿಂದ ಗುರುತು ಹಾಕಿ ಮತ್ತೆ ಕೂಡಿಸಿದ್ದರು. ಆಗ ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು. ಅವರೂ ನಕ್ಕಿದ್ದರು.

ಕಂಪ್ಲಿಯ ಮಣ್ಣು ಕಪ್ಪು. ಗುಡ್ಡದ ಕೆಂಪುಕಲ್ಲಿನ ಮೇಲೆ ಬೆಳೆದ ಮಷಿನ್ನಿಗೂ ಮೇಸ್ತ್ರಿಗೂ ಅದು ಹೊಸ ನೆಲ. ಗುಡ್ಡದಲ್ಲಿ ಡೋಜರಿನ ಚೈನು, ಅಂದರೆ ಅದು ಉರುಳುವ ಕಬ್ಬಿಣದ ಪಟ್ಟಿ, ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಕಲ್ಲಿನ ಇಳಿಜಾರಿನಲ್ಲಿ ಚೈನು ಕಳಚಿ ಬೀಳುತ್ತದೆ. ಅದೇ ರೂಢಿಯಲ್ಲಿ ಮೇಸ್ತ್ರಿ ಬಂದ ದಿನವೇ ಗ್ರೀಸ್ ಒತ್ತಿ ಎರಡೂ ಚೈನುಗಳನ್ನು ಬಿಗಿ ಮಾಡಿದರು. ಮೇಲೆ ನಿಂತು ಕುಣಿದು ನೋಡಿ, ಈಗ ಸರಿ ಎಂದರು. ಒಣ ಗದ್ದೆಯಲ್ಲಿ ಎಲ್ಲವೂ ಸರಿಯೇ ಇತ್ತು. ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಎರಡು ಮಳೆ ಬಿದ್ದವು. ಎರೆಮಣ್ಣು ಅಂಟಂಟಾಗಿ ಚೈನಿನೊಳಗೆ, ಹಲ್ಲುಚಕ್ರದ ಸಂದಿಯೊಳಗೆ ಸೇರಿ, ಬಿಸಿಲಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಯಿತು. ಮೊದಲೇ ಬಿಗಿಯಿದ್ದ ಚೈನು, ಮಣ್ಣು ತುಂಬಿದಷ್ಟೂ ಇನ್ನಷ್ಟು ಬಿಗಿಯಾಯಿತು. ಅದು ಕಿರುಚತೊಡಗಿತು.

ಕಿರುಚುವುದೆಂದರೆ ಅಂತಿಂಥ ಕಿರುಚುವುದಲ್ಲ. ಆಚೆ ಗದ್ದೆಯ ಕೊಕ್ಕರೆಗಳು ಎದ್ದು ಹೋಗುತ್ತಿದ್ದವು. ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಮೇಸ್ತ್ರಿ ಬದುವಿನ ಮೇಲೆ ಕುಳಿತು ಶಾಂತವಾಗಿ ನೋಡುತ್ತಿದ್ದರು. ಅವರಿಗೆ ಕೇಳಿದೆ, ಏನೋ ಯೋಚನೆ ಮಾಡುತ್ತಿದ್ದಾರೆ, ಸಮಯ ಬಂದಾಗ ಹೇಳುತ್ತಾರೆ ಎಂದು ನಾನು ಸುಮ್ಮನಿದ್ದೆ. ಮಾಲೀಕರ ಆಳುಗಳೂ ಸುಮ್ಮನಿದ್ದರು. ಮೇಸ್ತ್ರಿಯ ಮುಂದೆ ಸದ್ದಿನ ಮಾತು ಆಡಬಾರದೆಂದು ಅವರಿಗೆಲ್ಲ ಹೇಳಿಕೊಟ್ಟವನು ನಾನೇ.

ಮಷಿನ್ನಿಗೆ ದಮ್ಮಿಲ್ಲದಂತಾಯಿತು. ಬ್ಲೇಡ್ ಮಣ್ಣಿಗಿಟ್ಟರೆ ಎಂಜಿನ್ ಹೊಗೆ ಉಗುಳಿ ಕುಗ್ಗುತ್ತಿತ್ತು. ಮೇಸ್ತ್ರಿ ತಮ್ಮ ಪದ್ಧತಿಯಂತೆ ಪುಗಸಟ್ಟೆ ತಪ್ಪುಗಳಿಂದ ಶುರು ಮಾಡಿದರು. ಟ್ಯಾಂಕಿನ ಮುಚ್ಚಳ ನೋಡಿದರು. ಗಾಳಿ ಸೋಸುವ ಡಬ್ಬಿ ಬಿಚ್ಚಿ ತೊಳೆದರು. ಡೀಸೆಲ್ಲಿನಲ್ಲಿ ನೀರಿದೆಯೇ ಎಂದು ಬಸಿದು ನೋಡಿದರು. ಎಣ್ಣೆಯ ಒಂದು ಹನಿಯನ್ನು ಸುಡುವ ಸೈಲೆನ್ಸರ್ ಬುಡದ ಮೇಲೆ ಬಿಟ್ಟು, ಚಟಚಟ ಎನ್ನುತ್ತದೆಯೇ, ನೀರು ಬೆರೆತಿದೆಯೇ ಎಂದು ಬಾಗಿ ಕಿವಿಕೊಟ್ಟರು. ಎಲ್ಲವೂ ಸರಿಯಿತ್ತು. ಅವರು ಹುಡುಕಿದಲ್ಲೆಲ್ಲ ಇಲ್ಲದ ರೋಗ, ಅವರ ಎದುರಿಗೇ ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು.

ಕಾಲುವೆಗೆ ನೀರು ಬಿಡುವ ಹೊತ್ತು ಹತ್ತಿರವಾಗಿತ್ತು. ಅಷ್ಟರೊಳಗೆ ಆ ಗದ್ದೆ ಮುಗಿಸಿ ಮಷಿನ್ನನ್ನು ದಿಬ್ಬಕ್ಕೆ ಹತ್ತಿಸಬೇಕಿತ್ತು. ನೀರು ಬಂದ ಮೇಲೆ ಸಿಕ್ಕಿಬಿದ್ದರೆ ಅಷ್ಟು ಭಾರದ ಕಬ್ಬಿಣ ಎರೆಮಣ್ಣಿನಲ್ಲಿ ಇಳಿಯುತ್ತ ಹೋಗುತ್ತದೆ. ಹಾಗಾದರೆ ಮಾಲೀಕರು ಅದನ್ನು ಅಲ್ಲೇ ತುಂಡು ಮಾಡಿಸಿ ಗುಜರಿಗೆ ಹಾಕುವುದು ಖಂಡಿತವಿತ್ತು. ನನಗೆ ಬೇರೆ ಮಷಿನ್ ಸಿಗಬಹುದಿತ್ತು. ಮೇಸ್ತ್ರಿಗೆ ಇನ್ನೊಂದು ಸಿಗುತ್ತಿರಲಿಲ್ಲ.

ಮಧ್ಯಾಹ್ನ ಎಡಗಡೆಯ ಚೈನು ಸಿಡಿಯಿತು. ಪಿನ್ನೊಂದು ತುಂಡಾಗಿ, ಚೈನು ಹಾವಿನ ಹಾಗೆ ಹಿಂದೆ ಬಿತ್ತು. ಮಷಿನ್ ಎಡಕ್ಕೆ ವಾಲಿ ನಿಂತಿತು. ಎಂಜಿನ್ ಬಂದ್ ಮಾಡಿದಾಗ ಎಂಥ ನಿಶ್ಶಬ್ದವೆಂದರೆ, ದೂರದ ಮೇಲ್ಗದ್ದೆಗೆ ಆಗಲೇ ಹರಿಯುತ್ತಿದ್ದ ನೀರಿನ ಸದ್ದು ಸಣ್ಣಗೆ ಕೇಳಿತು.

ಪಕ್ಕದ ಮಡಿಯಲ್ಲಿ ಸಸಿ ಕೀಳುತ್ತಿದ್ದ ಹೆಂಗಸರಲ್ಲಿ ಒಬ್ಬ ಮುದುಕಿ ಎದ್ದು ಬಂದಳು. ನಮ್ಮ ಕಟ್ಟಳೆ ಅವಳಿಗೇನು ಗೊತ್ತು. ಸೊಂಟದ ಮೇಲೆ ಕೈಯಿಟ್ಟು, ನೇರ ಮೇಸ್ತ್ರಿಯನ್ನೇ ಕೇಳಿದಳು:

"ಮೊನ್ನಿಯಿಂದ ಹೊಯ್ಕೊಳ್ಳಾಕತ್ತಿತ್ತಲ್ಲಪ್ಪ ಅದು. ಹೆರಿಗಿ ಬ್ಯಾನಿ ತಿಂದಂಗ ಒದರತಿತ್ತು. ನಿಮಗ ಯಾರಿಗೂ ಕೇಳಲಿಲ್ಲೇನು?"

ಮೇಸ್ತ್ರಿ ಅವಳ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಹಾಗೆ ಅವರು ನನ್ನನ್ನು ಎಂದೂ ನೋಡಿರಲಿಲ್ಲ.

"ನಿನಗ ಕೇಳತಿತ್ತೇನು?"

"ಹ್ಞೂಂ ರೀ."

"ಎಲ್ಲಾರಿಗೂ?"

ನಾನು ತಲೆಯಾಡಿಸಿದೆ. ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಉತ್ತರ ಅವರಿಗೇ ಗೊತ್ತಿತ್ತು. ಬದುವಿನ ಮೇಲೆ ನಿಧಾನಕ್ಕೆ ಕುಳಿತರು. ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, ಬೆರಳುಗಳ ನಡುವೆ ತಿರುವುತ್ತ ಸ್ವಲ್ಪ ಹೊತ್ತು ಮೇಲ್ಗದ್ದೆಯ ಕಡೆಗೆ ನೋಡಿದರು. ಗುಬ್ಬಿಯೂ, ಕುಕ್ಕರಿನ ಸೀಟಿಯೂ, ಎಲ್ಲ ಒಟ್ಟಿಗೆ ಅವರಿಗೆ ಅರ್ಥವಾಗುತ್ತಿರುವುದು ನನಗೆ ಕಾಣುತ್ತಿತ್ತು. ನನ್ನ ಮಾತು ಅವರಿಗೆ ಕೇಳುತ್ತಿತ್ತು, ಎಂಜಿನ್ನಿನ ದಪ್ಪ ಗುಡುಗು ಕೇಳುತ್ತಿತ್ತು. ಸಣ್ಣ ಸದ್ದು, ಚೂಪು ಸದ್ದುಗಳೆಲ್ಲ ಯಾವಾಗಲೋ ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗಿದ್ದವು. ಹೋದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

"ನನ್ನ ಕಿವಿಗೆ ನಾನ ಬಾಗಿಲಾ ಹಾಕಿಸಿದ್ನೆಲ್ಲೋ" ಎಂದರು. ಎದ್ದು, ಆ ಬಿಳಿ ಅಂಗಿಯಲ್ಲೇ ಕೆಸರಿಗೆ ಇಳಿದರು.

ಅಂದಿನ ಮಧ್ಯಾಹ್ನವನ್ನು ನೆನೆದರೆ ಅದು ಎಚ್ಚರದಲ್ಲಿ ನಡೆದದ್ದೇ ಎಂದು ಅನುಮಾನವಾಗುತ್ತದೆ. ಬಿಸಿಲಿಗೆ ಗದ್ದೆಯ ಗಾಳಿಯೆಲ್ಲ ನಡುಗುತ್ತಿತ್ತು. ಹಾರೆಗಳಿಂದ ಚೈನಿನ ಸಂದಿಯ ಮಣ್ಣು ಕಿತ್ತೆವು. ಸಸಿ ಕೀಳುವ ಹೆಂಗಸರೂ ಕುಡಗೋಲು ಹಿಡಿದು ಬಂದು ಕೆರೆದರು. ಬಿಗಿ ಸಡಿಲಿಸಲು ಗ್ರೀಸಿನ ನಟ್ಟು ತಿರುಗಿಸುವಾಗ ಎದುರಿಗೆ ಯಾರೂ ನಿಲ್ಲಬೇಡಿ ಎಂದು ಮೇಸ್ತ್ರಿ ಎಲ್ಲರನ್ನೂ ಹಿಂದೆ ಸರಿಸಿದರು. ಅದು ಸಿಡಿದರೆ ಮೈಯೊಳಗೆ ಹೊಕ್ಕುಬಿಡುತ್ತದೆ. ಗ್ರೀಸು ಕಪ್ಪು ಶಾವಿಗೆಯಂತೆ ನಿಧಾನ ಹೊರಬಂತು, ಮುಂದಿನ ಚಕ್ರ ಹಿಂದೆ ಸರಿಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಚೈನನ್ನು ಮೇಲೆಳೆದೆವು. ಮಿಲ್ಲಿನಿಂದ ತರಿಸಿದ ಪಿನ್ನನ್ನು ಸರದಿಯ ಮೇಲೆ ಸುತ್ತಿಗೆಯಿಂದ ಹೊಡೆದು ಕೂಡಿಸಿದೆವು. ಮೇಸ್ತ್ರಿ ಈ ಸಲ ಚೈನನ್ನು ಎಷ್ಟು ಸಡಿಲ ಬಿಟ್ಟರೆಂದರೆ, ಗುಡ್ಡದವರು ನೋಡಿದ್ದರೆ ನಗುತ್ತಿದ್ದರು. ಅದು ಹಳೆ ಹಾಸಿಗೆಯ ಹಾಗೆ ಜೋತುಬಿದ್ದಿತ್ತು. ಮಣ್ಣು ತುಂಬಿದ ಮೇಲೆ ಅದಾಗಿಯೇ ಬಿಗಿಯಾಗುತ್ತದೆ, ಅದಕ್ಕೆ ಜಾಗ ಇರಲಿ ಎಂದರು. ಬಿಸಿಲು ಇಳಿಯುವ ಹೊತ್ತಿಗೆ ಮಷಿನ್ ದಿಬ್ಬ ಹತ್ತಿತು. ಹಿಂದೆ ನೋಡಿದರೆ ನಮ್ಮ ಚೈನಿನ ಗುರುತುಗಳೊಳಗೆ ಕಾಲುವೆಯ ನೀರು ಒಂದೊಂದು ಮೆಟ್ಟಿಲಾಗಿ ತುಂಬಿಕೊಳ್ಳುತ್ತ, ಕೆಂಪು ಆಕಾಶವನ್ನು ಹೊತ್ತು ನಮ್ಮ ಹಿಂದೆಯೇ ಬರುತ್ತಿತ್ತು.

ಸಂಜೆ ಮೇಸ್ತ್ರಿ ಮಿಲ್ಲಿಗೆ ಹೋಗಿ ಮಾಲೀಕರ ಮುಂದೆ ನಿಂತರು. ನಾನೂ ಜೊತೆಗಿದ್ದೆ. ಚೈನು ಹರಿದದ್ದು ತಮ್ಮಿಂದ, ತಮ್ಮ ಕಿವಿ ಹೋಗಿದೆ, ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣಗೆ ಒಂದು ಮಾತು ಸೇರಿಸಿದರು.

"ನಾನು ಆ ಸತ್ತ ನಾಜಲ್ ಇದ್ದಂಗ. ತಗದ್ರೂ ಸದ್ದು ಬದಲಾಗಂಗಿಲ್ಲ."

ಮಾಲೀಕರು ಮಾತ್ರ ಲೆಕ್ಕದ ಮೇಜಿನ ಹಿಂದೆ ಆರಾಮಾಗಿ ಕುಳಿತು, ಎಲೆ ಮಡಚುತ್ತ, ತಾವು ಅಕ್ಕಿ ಮಿಲ್ಲಿನ ಬೆಲ್ಟುಗಳ ನಡುವೆಯೇ ಬೆಳೆದವರು, ಮನೆಯವಳು ಕೂಗಿದ್ದು ಕೇಳಿಸಿ ಎಷ್ಟೋ ವರ್ಷವಾಯಿತು, ಹಾಗಂತ ಸಂಸಾರ ಬಿಟ್ಟಿದ್ದೇನೆಯೇ ಎಂದರು. ಕಿವಿ ಹೋದರೆ ಒಂದು ಕಿವಿ ಇಟ್ಟುಕೊಳ್ಳಿ ಎಂದು ಗದ್ದದಿಂದ ನನ್ನನ್ನು ತೋರಿಸಿದರು.

ಹೀಗೆ ನಾನು ಮೇಸ್ತ್ರಿಯ ಕಿವಿಯಾದೆ. ಕಟ್ಟಳೆ ತಿರುಗಿ ನಿಂತಿತು. ಈಗ ನಾನು ಸದ್ದಿನ ಮಾತು ಆಡಲೇಬೇಕು. ಅದು ಎಷ್ಟು ಕಷ್ಟವೆಂದು ಮಾಡಿದವನಿಗೇ ಗೊತ್ತು. ಮೊದಲ ದಿನ, ಮುಂದುಗಡೆ ಕರ್ರ್ ಅನ್ನುತ್ತದೆ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು.

"ಕರ್ರ್ ಅಂತ ಕಾಗಿನೂ ಅಂತೈತಿ. ಎಂಥಾ ಕರ್ರ್? ಒಣಾನೋ ಹಸಿಯೋ? ಗಂಟಲಾಗೋ ಹೊಟ್ಟ್ಯಾಗೋ?"

ನಾನು ಮತ್ತೆ ಹೋಗಿ ಕೇಳಿಸಿಕೊಂಡು ಬರಬೇಕಿತ್ತು. ಬಂದು ಹೇಳುವಾಗ ಪದ ಸಿಗುತ್ತಿರಲಿಲ್ಲ. ರಾತ್ರಿ ಮಲಗಿದರೆ ತಲೆಯಲ್ಲಿ ಸದ್ದುಗಳೇ, ಅವುಗಳಿಗೆ ಹೆಸರು ಹುಡುಕುತ್ತ ನಿದ್ದೆ ಹೋಗುತ್ತಿದ್ದೆ. ನಿಧಾನಕ್ಕೆ ಸಿಗತೊಡಗಿದವು. ಹೊಸ ಚಪ್ಪಲಿ ಹಾಕಿಕೊಂಡು ಮದುವೆಮನೆಯಲ್ಲಿ ಓಡಾಡಿದ ಹಾಗೆ ಎಂದರೆ ಅವರು, ಕೆಳಗಿನ ರೋಲರ್ ಒಣಗಿದೆ ಎನ್ನುತ್ತಿದ್ದರು. ಒಲೆಗೆ ಹಸಿ ಕಟ್ಟಿಗೆ ಇಟ್ಟ ಹಾಗೆ ಚುಸ್ ಚುಸ್ ಎಂದರೆ, ಗ್ಯಾಸ್ಕೆಟ್ ಸಂದಿಯಲ್ಲಿ ಹೊಗೆ ಸೋರುತ್ತಿದೆ. ಬ್ಲೇಡ್ ಎತ್ತುವಾಗ ಕೊಡದಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ ಎಂದಾಗ ಅವರು ಖುಷಿಯಿಂದ ತೊಡೆ ತಟ್ಟಿಕೊಂಡರು. ಹೈಡ್ರಾಲಿಕ್ ಎಣ್ಣೆ ಕಡಿಮೆಯಾಗಿ ಪಂಪು ಗಾಳಿ ಕುಡಿಯುತ್ತಿತ್ತು. ಅಳತೆಗೋಲು ತೆಗೆದು ನೋಡಿದರೆ ಹೌದು.

ಎಲ್ಲ ಸಲವೂ ಸರಿಹೋಗುತ್ತಿತ್ತು ಎಂದಲ್ಲ. ಒಮ್ಮೆ ನಾನು ಹಂದಿಮರಿ ಕೂಗಿದ ಹಾಗೆ ಎಂದದ್ದನ್ನು ಅವರು ಬೇರಿಂಗ್ ಎಂದುಕೊಂಡು, ಅರ್ಧ ದಿನ ಬಿಚ್ಚಿ, ಕೊನೆಗೆ ಅದು ಫ್ಯಾನ್ ಬೆಲ್ಟ್ ಎಂದು ತಿಳಿದು, ನಿನ್ನ ಊರಿನ ಹಂದಿಗಳು ಹೀಗೆ ಕೂಗುತ್ತವೆಯೇ ಎಂದು ನನ್ನನ್ನು ವಾರಗಟ್ಟಲೆ ಕಾಡಿದ್ದರು. ಯಾವುದೋ ಶಿಬಿರದಲ್ಲಿ ಅವರಿಗೆ ಕಿವಿಗೆ ಹಾಕುವ ಯಂತ್ರ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಒಂದೇ ಒಂದು ದಿನ ಡೋಜರಿನ ಹತ್ತಿರ ಬಂದು, ಹೌಹಾರಿ ಕಿತ್ತು ಜೇಬಿಗಿಟ್ಟರು. ಅದು ಎಲ್ಲ ಸದ್ದನ್ನೂ ಒಂದೇ ಅಳತೆಯಲ್ಲಿ ತುಂಬುತ್ತದೆ, ಅದಕ್ಕೆ ಬೇಕು ಬೇಡ ಗೊತ್ತಿಲ್ಲ ಎಂದರು. ಅವ್ವ ಅದನ್ನು ದೇವರ ಗೂಡಿನಲ್ಲಿಟ್ಟು ವಿಭೂತಿ ಹಚ್ಚಿದ್ದಳು.

ಕಮಲಾಪುರದ ಕಡೆ ಕೆಲಸವಿದ್ದಾಗ ನಾವು ಬಾಳೆಯ ನೆರಳಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಹೋಗಿ ಕುಳಿತುಕೊಳ್ಳುತ್ತಿದ್ದೆವು. ಊಟವಾದ ಮೇಲೆ ಅವರು ಅಂಗೈ ದಿಂಬು ಮಾಡಿಕೊಂಡು ಮಲಗುತ್ತಿದ್ದರು. ಬಾಳೆ ಎಲೆಯ ಹಸಿರು ಬೆಳಕು ಅವರ ಬಿಳಿ ಅಂಗಿಯ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಒಂದು ದಿನ ಹಾಗೆ ಮಲಗಿ ಎದ್ದವರು ಮೇಲಿನ ಎಲೆಗಳನ್ನೇ ನೋಡುತ್ತ ಕುಳಿತರು. ಕೇಳಿದ್ದಕ್ಕೆ, ಯಾವುದೋ ದೂರದಿಂದ ಬಂದವರ ಹಾಗೆ ಹೇಳಿದರು:

"ಕನಸಿನ್ಯಾಗ ಎಲ್ಲಾ ಕೇಳತೈತಲೇ. ಗುಬ್ಬಿ, ಟ್ಯಾಂಕಿನ ಮುಚ್ಚಳದ ಉಸ್, ಮನ್ಯಾಕಿ ಕೈಬಳಿ ಸದ್ದು ಸೈತ. ಎದ್ದ ಮ್ಯಾಲ ಹೋಗಿಬಿಡತೈತಿ."

ಸುತ್ತ ತೋಟದಲ್ಲಿ ಒಂದು ಹಕ್ಕಿ ಕೂಗುತ್ತಿತ್ತು. ಅದು ಹೇಗೆ ಕೂಗುತ್ತಿದೆ ಎಂದು ಅವರಿಗೆ ಹೇಳಿದೆ. ಬಾವಿಯ ಗಾಲಿಗೆ ಎಣ್ಣೆ ಬಿಡದೆ ಹಗ್ಗ ಎಳೆದ ಹಾಗೆ, ಆದರೆ ಹಗ್ಗದ ತುದಿಯಲ್ಲಿ ಕೊಡವೇ ಇಲ್ಲದ ಹಾಗೆ. ಅವರು ಕಣ್ಣು ಮುಚ್ಚಿ ಹ್ಞೂಂ ಎಂದರು. ಅಂದಿನಿಂದ ಮಷಿನ್ನಿನ ಸದ್ದಷ್ಟೇ ಅಲ್ಲ, ಕೇಳಿಸಿದ್ದನ್ನೆಲ್ಲ ಹೇಳತೊಡಗಿದೆ. ನಾನು ಬರೆಯುವವನೇನಲ್ಲ. ಆದರೆ ಇವತ್ತು ನಾಲ್ಕು ಸಾಲು ಬರೆಯಲು ಬರುತ್ತಿದ್ದರೆ ಅದು ಆ ಬಾಳೆಯ ನೆರಳಿನಲ್ಲಿ, ಅವರ ಹ್ಞೂಂಗಾಗಿ ಕಾಯುತ್ತ ಕಲಿತದ್ದು.

ಕೊನೆಗೆ ಅವರು ಮನೆ ಬಿಟ್ಟು ಹೊರಡದಂತಾದರು. ನಾನು ವಾರಕ್ಕೊಮ್ಮೆ ಹೊಸಪೇಟೆಗೆ ಹೋಗಿ ಮಂಚದ ಪಕ್ಕ ಕುಳಿತು, ಆ ದೊಡ್ಡ ಕಿವಿಯ ಹತ್ತಿರ ಬಾಯಿಟ್ಟು ವಾರದ ಸದ್ದುಗಳನ್ನೆಲ್ಲ ಒಪ್ಪಿಸುತ್ತಿದ್ದೆ. ಕಿವಿಯ ಕೆಂಪು ಆಗಲೂ ಹಾಗೇ ಇತ್ತು. ಈ ಬೇಸಿಗೆಯಲ್ಲಿ ಹೋದಾಗ ನನ್ನ ಮಾತೂ ಅವರಿಗೆ ಕೇಳುತ್ತಿರಲಿಲ್ಲ. ತುಟಿ ನೋಡಿ ನಕ್ಕು, ತಲೆಯಾಡಿಸಿದರು. ಏನು ಮಾಡಬೇಕೋ ತಿಳಿಯದೆ, ಅವರ ಅಂಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಡೋಜರ್ ನಿಂತಲ್ಲೇ ಓಡುತ್ತಿರುವಾಗ ಸೀಟಿನಲ್ಲಿ ನನ್ನ ಮೈಗೆ ಹೇಗೆ ತಟ್ಟುತ್ತದೋ ಹಾಗೆ ಬೆರಳುಗಳಿಂದ ತಟ್ಟತೊಡಗಿದೆ. ಅವರು ಕಣ್ಣು ಮುಚ್ಚಿದರು. ಗುಡ್ಡದ ಮೇಲೆ ಮೋಡದಲ್ಲಿ ನಿಂತಿದ್ದರಲ್ಲ, ಅದೇ ಮುಖ. ಹೊರಗೆ ಕಾಲುವೆಯ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಎಷ್ಟು ಹೊತ್ತು ತಟ್ಟಿದೆನೋ ತಿಳಿಯದು. ಅವರ ಹುಬ್ಬು ಗಂಟಾಯಿತು.

"ನಡಕ ಎಲ್ಲೋ ಕಾಲು ಎಳೀತೈತಿ" ಎಂದರು. "ನಾಜಲ್ ನೋಡು."

ನನಗೆ ತಿಳಿದಂತೆ ಎಂಜಿನ್ ಚೆನ್ನಾಗಿಯೇ ಇತ್ತು. ನನ್ನ ಕಿವಿಗೆ ಯಾವ ಕುಂಟೂ ಕೇಳಿರಲಿಲ್ಲ. ಬೆರಳು ತಪ್ಪಿದ್ದಿರಬೇಕು ಎಂದುಕೊಂಡೆ. ಆದರೂ ಮರುದಿನ ಕಂಪ್ಲಿಯಲ್ಲಿ, ಅವರ ಮಾತು ಮೀರಬಾರದೆಂದು, ಎಂಜಿನ್ ಓಡುತ್ತಿರುವಾಗ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದೆ. ಮೊದಲನೆಯದಕ್ಕೆ ತಡವರಿಸಿತು. ಎರಡನೆಯದಕ್ಕೂ. ಅದರ ಮುಂದಿನದನ್ನು ಸಡಿಲಿಸಿದಾಗ ಸದ್ದು ಇದ್ದ ಹಾಗೇ ಇತ್ತು. ನನ್ನ ಕಿವಿಗೆ ಸಿಗದ್ದನ್ನು ದಿನವಿಡೀ ಸೀಟಿನ ಮೇಲೆ ಕುಳಿತ ಮೈ ಹಿಡಿದಿಟ್ಟುಕೊಂಡು, ಬೆರಳುಗಳ ಮೂಲಕ ಅವರಿಗೆ ತಲುಪಿಸಿತ್ತು. ನಾಜಲ್ ಬಿಚ್ಚಿ ನೋಡಿದೆ, ತುದಿ ಮಸಿ ಕಟ್ಟಿ ಹನಿ ತೊಟ್ಟಿಕ್ಕುತ್ತಿತ್ತು.

ಸರಿ ಮಾಡಿ ಕೂಡಿಸಿ, ಶುರು ಮಾಡಿ, ಈ ಭಾನುವಾರ ಅವರ ಅಂಗೈಗೆ ಇದನ್ನು ಹೇಗೆ ತಟ್ಟಿ ತೋರಿಸಲಿ ಎಂದು ಯೋಚಿಸುತ್ತ ಕುಳಿತಿದ್ದಾಗ ಅವ್ವನ ಫೋನ್ ಬಂತು. ಮಧ್ಯಾಹ್ನ ಮಲಗಿದವರು ಏಳಲಿಲ್ಲ ಎಂದಳು. ಮುಖ ನೋಡಿದರೆ ಏನೋ ಕೇಳಿಸಿಕೊಳ್ಳುತ್ತಿದ್ದ ಹಾಗಿದೆ ಎಂದಳು.

ಫೋನ್ ಇಟ್ಟ ಮೇಲೆ ಎಂಜಿನ್ ಬಂದ್ ಮಾಡಲು ಕೈ ಬರಲಿಲ್ಲ. ಅದು ಹೊಸದರ ಹಾಗೆ ಓಡುತ್ತಿತ್ತು, ಎಲ್ಲೂ ಕಾಲು ಎಳೆಯುತ್ತಿರಲಿಲ್ಲ. ಮಲಗಿದ ಮಗುವಿನ ಉಸಿರಾಟದ ಹಾಗಿದೆ ರೀ ಮೇಸ್ತ್ರಿ ಎಂದು ಅಭ್ಯಾಸಬಲದಿಂದ ಗಟ್ಟಿಯಾಗಿ ಹೇಳಿದೆ. ಹ್ಞೂಂ ಎನ್ನುವವರು ಇರಲಿಲ್ಲ. ಬದುವಿನ ಮೇಲೆ ಅವರು ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಬಿಸಿಲು ಕುಳಿತಿತ್ತು. ತಾನು ಸತ್ತ ನಾಜಲ್, ತೆಗೆದರೂ ಸದ್ದು ಬದಲಾಗದು ಎಂದು ಅಂದು ಮಿಲ್ಲಿನಲ್ಲಿ ಅವರು ಆಡಿದ ಮಾತಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಕೊಡಬಲ್ಲೆ. ಅವರು ಹೋದರು, ಮತ್ತು ನನ್ನ ಮಷಿನ್ನಿನ ಸದ್ದು ಬದಲಾಗಿದೆ.